ನಾಲೆಯ ಗೇಜು ಮತ್ತು ಕ್ಯೂಎಮು

ನಮ್ಮೂರು ಪಾಂಡವಪುರದ ಹತ್ತಿರ. ದೊಡ್ಡಪ್ಪ ವಿಶ್ವೇಶ್ವರಯ್ಯ ನಾಲೆಯಲ್ಲಿ ಸೌಡಿ, ಅಂದರೆ ನೀರು ಬಿಡುವ, ಕಟ್ಟುವ ಕೆಲಸ. ಕೆ.ಆರ್.ಪೇಟೆ ಕಡೆಯಿಂದ ಬರುವ ಹೇಮಾವತಿ, ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತೆ. ಅಲ್ಲಿಂದ ನಮ್ಮ ನಾಲೆಗೆ ನೀರು. ನಾಗಮಂಗಲದ ಅತ್ತೆ ಮಾತ್ರ, "ನಿಮಗೇನಪ್ಪ, ನಾಲೆ ಐತೆ. ನಮಗೆ ಮಳೆನೇ ದಿಕ್ಕು" ಅನ್ನೋರು.

ತೂಬಿನ ಪಕ್ಕ ಅಡಿ ಅಂಗುಲದ ಗೆರೆ ಹಾಕಿದ ಗೇಜು ಇತ್ತು. ದೊಡ್ಡಪ್ಪ ದಿನಾ ಬೆಳಿಗ್ಗೆ ಅದನ್ನು ನೋಡಿ ಪುಸ್ತಕದಲ್ಲಿ ಬರೆಯೋರು. "ನೀರು ನಿಲ್ಸಿ ಅಳದ್ರೆ ಅದೇನ್ ಅಳತೆ? ಹರಿಯೋವಾಗ್ಲೇ ಅಳೀಬೇಕು ಕಣ್ಲಾ" ಅನ್ನೋದು ಅವರ ಮಾತು. ಅದು ನನಗೆ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ, ಬೆಂಗಳೂರಿನಲ್ಲಿ, ಕಂಪ್ಯೂಟರ್ ಮುಂದೆ ಕೂತಾಗ.

ಕ್ಯೂಎಮು ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಓಡಿಸುವ ಮುಕ್ತ ತಂತ್ರಾಂಶ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದಿದ್ದು. ಒಳಗಿನ ಯಂತ್ರ ತಡವರಿಸಿದರೆ ತಪ್ಪು ಎಲ್ಲಿದೆ ಅಂತ ಹುಡುಕೋದು ಬಲು ಕಷ್ಟ. ಒಮ್ಮೆ ಹೀಗೇ ಆದಾಗ ನಾನು ಕೋಡಿನ ನಡುವೆ ಅಲ್ಲಲ್ಲಿ ಪ್ರಿಂಟ್ ಸಾಲು ಸೇರಿಸಿದೆ. ಸೇರಿಸಿದ ಕೂಡಲೇ ತೊಂದರೆ ಮಾಯ! ತೆಗೆದರೆ ಮತ್ತೆ ಹಾಜರು. ಮೂರು ದಿನ ಒದ್ದಾಡಿ, ಕೊನೆಗೆ ಡಿಸ್ಕಿನ ಕೋಡ್ ಬರೆದ ಗೆಳೆಯನದೇ ತಪ್ಪು ಅಂತ ಎಲ್ಲರೆದುರು ಹೇಳಿಬಿಟ್ಟೆ.

ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆ ನೋಡುವ ವಿದ್ಯೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಲಿನಕ್ಸ್ ಕರ್ನಲ್ಲಿನ ಕೆಪ್ರೋಬ್ಸ್ ಕಡತದ ತಲೆಬರಹ ಓದಿ ನೋಡಿ. 2002ರ ಅಕ್ಟೋಬರಿನಿಂದ ಶುರುವಾಗಿ ಅಲ್ಲಿ ಸಾಲಾಗಿ ಕಾಣೋದು ಐಬಿಎಂನ ಭಾರತದ ವಿಳಾಸಗಳು. ಬೇಕಾದ ಜಾಗದ ಒಂದು ಆದೇಶದ ಬದಲು ಒಂದು ತಡೆ ಇಡೋದು, ಅಲ್ಲಿ ಬೇಕಾದ ಮಾಹಿತಿ ಬರೆದುಕೊಳ್ಳೋದು, ಆಮೇಲೆ ಮೂಲ ಆದೇಶವನ್ನು ನಡೆಸಿ ಮುಂದೆ ಬಿಡೋದು, ಇಷ್ಟೇ ಅದರ ಉಪಾಯ. 2004ರಲ್ಲಿ 2.6.9 ಆವೃತ್ತಿಯೊಂದಿಗೆ ಅದು ಕರ್ನಲ್ ಸೇರಿತು. ಅದರ ಉಸ್ತುವಾರಿಗಳ ಪಟ್ಟಿಯಲ್ಲಿ "ಮಾವಿನಕಾಯನಹಳ್ಳಿ" ಅನ್ನುವ ಹೆಸರು ಕಂಡಾಗ ನನಗಾದ ಖುಷಿ ಹೇಳತೀರದು.

ಕ್ಯೂಎಮುಗೆ ಇಂಥದ್ದು ಬಂದಿದ್ದು 2010ರಲ್ಲಿ. ಐಬಿಎಂನ ಸ್ಟೀಫನ್ ಹೈನೋಟ್ಸಿ ಮುಂದಾಳು. ಗಮನಿಸಬೇಕಾದ ಘಟನೆಗಳನ್ನೆಲ್ಲ ಒಂದು ಕಡತದಲ್ಲಿ, ಸಾಲಿಗೊಂದರಂತೆ ಬರೆದಿಟ್ಟರೆ, ಬೇಕಾದ ಕೋಡನ್ನು ಒಂದು ಸ್ಕ್ರಿಪ್ಟ್ ತಾನೇ ತಯಾರಿಸುತ್ತೆ. ಬೇಡ ಅಂದರೆ ಕಂಪೈಲ್ ಮಾಡುವಾಗಲೇ ಅದೆಲ್ಲ ಪೂರ್ತಿ ಇಲ್ಲವಾಗುವ ಏರ್ಪಾಡೂ ಇತ್ತು. ಯಂತ್ರ ಓಡುತ್ತಿರುವಾಗಲೇ ಒಂದೊಂದು ಘಟನೆಯನ್ನೂ ಬೇಕಾದಾಗ ಆನ್, ಬೇಡವಾದಾಗ ಆಫ್ ಮಾಡುವ ಸೌಲಭ್ಯವನ್ನು ಸೇರಿಸಿದವರು ಬೆಂಗಳೂರಿನ ಐಬಿಎಂ ಲಿನಕ್ಸ್ ಕೇಂದ್ರದ ಪ್ರೇರಣಾ ಸಕ್ಸೇನಾ. ನೋಡೋಕೆ ಚಿಕ್ಕ ಕೆಲಸ. ಆದರೆ ಇದಿಲ್ಲದಿದ್ದರೆ ಯಂತ್ರವನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕು, ಅಷ್ಟರಲ್ಲಿ ತೊಂದರೆ ತಪ್ಪಿಸಿಕೊಂಡಿರುತ್ತೆ!

ಮುಂದೆ 2019ರ ಡಿಸೆಂಬರಿನಲ್ಲಿ 4.2 ಆವೃತ್ತಿಯೊಂದಿಗೆ ಪ್ಲಗಿನ್‌ಗಳು ಬಂದವು. ಒಳಗಿನ ಯಂತ್ರ ನಡೆಸುವ ಒಂದೊಂದು ಆದೇಶವನ್ನೂ ಎಣಿಸಬಹುದಾಯಿತು. ಆಗ ಅವಕ್ಕೆ ಹಾಕಿದ ಕಟ್ಟು ಏನು ಗೊತ್ತೇ? ನೋಡಬಹುದು, ಬದಲಿಸುವಂತಿಲ್ಲ. ಗೇಜು ತೂಬನ್ನು ಮುಟ್ಟಬಾರದು, ಅಷ್ಟೇ.

ನನ್ನ ಕತೆಗೆ ಬರುತ್ತೇನೆ. ಟ್ರೇಸಿಂಗ್ ಇದ್ದ ಆವೃತ್ತಿ ಕೈಗೆ ಬಂದ ಮೇಲೆ ಎರಡೇ ಎರಡು ಘಟನೆಗಳನ್ನು ಆನ್ ಮಾಡಿದೆ: ಡಿಸ್ಕಿಗೆ ಕೇಳಿಕೆ ಹೋದ ಹೊತ್ತು, ಉತ್ತರ ಬಂದ ಹೊತ್ತು. ಡಿಸ್ಕು ಪ್ರತಿ ಸಲವೂ ಸಮಯಕ್ಕೆ ಸರಿಯಾಗಿ ಉತ್ತರ ಕೊಟ್ಟಿತ್ತು. ಬಂದ ಉತ್ತರವನ್ನು ಕಾಯಿಸುತ್ತಿದ್ದುದು ನಾನು ಬರೆದ ಕೋಡ್. ಪ್ರಿಂಟ್ ಸಾಲುಗಳು ಓಟದ ಲಯ ಬದಲಿಸಿ ಅದನ್ನು ಮುಚ್ಚಿಟ್ಟಿದ್ದವು.

ನಾಲೆಯ ಕೊನೆಯ ರೈತರು "ನಮ್ಮ ನೀರು ಮೇಲಿನವರು ಕದ್ದರು" ಅಂತ ಜಗಳಕ್ಕೆ ಬಂದಾಗ ದೊಡ್ಡಪ್ಪ ಮಾತಾಡ್ತಿರಲಿಲ್ಲ, ಪುಸ್ತಕ ಬಿಚ್ಚಿ ಇಡೋರು. ಕದ್ದಿದ್ದರೆ ಕದ್ದಿದ್ದು, ಇಲ್ಲದಿದ್ದರೆ ಇಲ್ಲ. ನಾನು ಪುಸ್ತಕ ನೋಡೋ ಮುಂಚೆಯೇ ತೀರ್ಪು ಕೊಟ್ಟಿದ್ದೆ.

ಮಾರನೇ ದಿನ ಎಲ್ಲರೆದುರೇ ಗೆಳೆಯನ ಕ್ಷಮೆ ಕೇಳಿದೆ. ಅವನು ನಕ್ಕು, "ಮೊದಲು ಕಾಫಿ ಕೊಡಿಸು" ಅಂದ.