ಚಳ್ಳಕೆರೆಯ ಎಣ್ಣೆಯೂ ಗಸಿಯೂ

ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ಇಂದಿಗೂ ಉಳಿದಿದೆ. ಖಾದ್ಯತೈಲದ ಮಾತು ಬಂದರೆ ಮುಂಬಯಿ ಬಿಟ್ಟರೆ ಚಳ್ಳಕೆರೆ ಎನ್ನುತ್ತಿದ್ದ ಕಾಲವೊಂದಿತ್ತು. ಈ ಹೆಸರು ತಂದುಕೊಟ್ಟದ್ದು ಶೇಂಗಾ. ಪಕ್ಕದ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದರೂ ಅಲ್ಲಿನ ಹೊಲಗಳನ್ನು ತುಂಬಿದ್ದು ಇದೇ ಬೆಳೆ.

ದಕ್ಷಿಣ ಅಮೆರಿಕ ಮೂಲದ ಶೇಂಗಾ ನಮ್ಮಲ್ಲಿ ವಾಣಿಜ್ಯ ಬೆಳೆಯಾಗಿ ಹಬ್ಬಿದ್ದು ಹತ್ತೊಂಬತ್ತನೇ ಶತಮಾನದಿಂದ ಈಚೆಗೆ. ಅದಕ್ಕೂ ಮುಂಚೆ ಗಾಣಿಗರ ಎತ್ತಿನ ಗಾಣಕ್ಕೆ ಬೀಳುತ್ತಿದ್ದುದು ಎಳ್ಳು, ಹುಚ್ಚೆಳ್ಳು, ಕುಸುಬೆ. ಆಮೇಲೆ ಮಿಲ್ಲುಗಳು ಬಂದವು. ಎಣ್ಣೆ ಪೇಟೆಗೆ ಹೋಯಿತು, ಹಿಂಡಿ ದನಗಳಿಗೆ ಹೋಯಿತು.

ಉಳಿದದ್ದು ಗಸಿ. ಹೊಸದಾಗಿ ಹಿಂಡಿದ ಶೇಂಗಾ ಎಣ್ಣೆಯನ್ನು ಕದಲಿಸದೆ ಕೆಲವು ದಿನ ಇಟ್ಟರೆ ಡಬ್ಬದ ತಳದಲ್ಲಿ ಕಂದುಬಣ್ಣದ ಮಂದವಾದ ಪದರ ಕೂರುತ್ತದೆ. ಕಾಯಿಯ ಪುಡಿಯ ಜೊತೆಗೆ ಅದರಲ್ಲಿ ಫಾಸ್ಫೋಲಿಪಿಡ್ ಎಂಬ ಅಂಟು ಪದಾರ್ಥವೂ ಇರುತ್ತದೆ. ಅದರ ಅಣುವಿಗೆ ಒಂದು ತುದಿಯಲ್ಲಿ ನೀರಿನ ಒಲವು, ಇನ್ನೊಂದು ತುದಿಯಲ್ಲಿ ಎಣ್ಣೆಯ ಒಲವು. ಹಾಗಾಗಿಯೇ ಅದು ಬೆರೆಯದ ಎರಡನ್ನೂ ಹಿಡಿದಿಡುತ್ತದೆ; ಇಂಥದ್ದಕ್ಕೆ ಎಮಲ್ಸಿಫೈಯರ್ ಎನ್ನುತ್ತಾರೆ. ಪೊಟ್ಟಣಗಳ ಮೇಲೆ ಎಮಲ್ಸಿಫೈಯರ್ 322 ಎಂದು ಅಚ್ಚಾಗುವ ಲೆಸಿಥಿನ್ ಈ ಜಾತಿಯದೇ.

ಫ್ರೆಂಚ್ ವಿಜ್ಞಾನಿ ಗೋಬ್ಲಿ ಲೆಸಿಥಿನ್ನನ್ನು 1840ರ ದಶಕದಲ್ಲಿ ಮೊಟ್ಟೆಯ ಹಳದಿಯಿಂದ ಬೇರ್ಪಡಿಸಿದ. ಸೋಯಾ ಎಣ್ಣೆಯ ಗಸಿಯಿಂದ ಅದನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುವ ವಿಧಾನ ಜರ್ಮನಿಯಲ್ಲಿ ರೂಪುಗೊಂಡದ್ದು 1920ರ ದಶಕದಲ್ಲಿ. ಎಣ್ಣೆಗೆ ಸ್ವಲ್ಪ ಬಿಸಿನೀರು ಬೆರೆಸಿದರೆ ಅಂಟು ಉಬ್ಬಿ ಬೇರೆಯಾಗುತ್ತದೆ. ಅದನ್ನು ತೆಗೆದು ಒಣಗಿಸಿದರೆ ಲೆಸಿಥಿನ್ ಸಿದ್ಧ. ಸೋಯಾದಲ್ಲಿ ಈ ಅಂಟು ಶೇಂಗಾಕ್ಕಿಂತ ಹಲವು ಪಟ್ಟು ಹೆಚ್ಚು. ಎಣ್ಣೆ ನಗರಿಗೆ ದಕ್ಕದ ಲೆಸಿಥಿನ್ ಉದ್ಯಮ ಸೋಯಾದ ಪಾಲಾಗಲು ಇದೂ ಒಂದು ಕಾರಣ.

ಮಿಲ್ಲುಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. 1994ರಲ್ಲಿ ತಾಳೆಯಿಂದ ತೆಗೆದ ಪಾಮೋಲಿನ್ ಎಣ್ಣೆಯ ಆಮದು ಮುಕ್ತವಾಯಿತು. 1998ರ ಹೊತ್ತಿಗೆ ಸುಂಕ ಶೇ 15ರ ಆಸುಪಾಸಿಗೆ ಇಳಿದಿತ್ತು. ಅಗ್ಗದ ಆ ಎಣ್ಣೆಯೆದುರು, ಪದೇಪದೇ ಬರ ಕಂಡ ಸೀಮೆಯ ಶೇಂಗಾ ಎಣ್ಣೆ ನಿಲ್ಲುವುದು ಕಷ್ಟವಾಯಿತು. ರೈತರ ಬೆವರಿಗೆ ಇದು ಮಾಡಿದ ಅನ್ಯಾಯ ಸಣ್ಣದಲ್ಲ.

ಅದೇ ತಾಳೆಯ ಕೊಬ್ಬು ಈಗ ಇನ್ನೊಂದು ರೂಪದಲ್ಲೂ ಊರಿಗೆ ಬರುತ್ತದೆ. ಕೊಬ್ಬನ್ನು ಗ್ಲಿಸರಿನ್ ಜೊತೆ ಕಾಯಿಸಿ ಮಾಡುವ ಎಮಲ್ಸಿಫೈಯರ್ 471ಕ್ಕೆ ತಾಳೆಯೂ ಕಚ್ಚಾವಸ್ತು. ಬ್ರೆಡ್ಡು ಬೇಗ ಗಟ್ಟಿಯಾಗದಂತೆ, ಐಸ್‌ಕ್ರೀಮ್ ನುಣುಪಾಗಿರುವಂತೆ ಅದು ನೋಡಿಕೊಳ್ಳುತ್ತದೆ.

ಎಮಲ್ಸಿಫೈಯರ್‌ಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಎರಡು ಎಮಲ್ಸಿಫೈಯರ್‌ಗಳು ಇಲಿಗಳ ಕರುಳಿನ ಸೂಕ್ಷ್ಮಜೀವಿಗಳನ್ನೂ ಲೋಳೆಪದರವನ್ನೂ ಕದಡಿದ್ದನ್ನು ತೋರಿಸಿತು. ಅದರಲ್ಲಿ ಪರೀಕ್ಷಿಸಿದ್ದು 466 ಮತ್ತು 433 ಸಂಖ್ಯೆಯವನ್ನು, ಲೆಸಿಥಿನ್ನನ್ನಲ್ಲ. ಮನುಷ್ಯರ ವಿಷಯದಲ್ಲಿ ಸಂಶೋಧನೆ ಇನ್ನೂ ನಡೆಯುತ್ತಿದೆ.

ಭಾರತದ ಆಹಾರ ನಿಯಮದ ಪ್ರಕಾರ ಪೊಟ್ಟಣದ ಮೇಲೆ ಎಮಲ್ಸಿಫೈಯರ್‌ನ ಹೆಸರೋ ಸಂಖ್ಯೆಯೋ ಇರಲೇಬೇಕು. ಮಕ್ಕಳ ಕೈಗೆ ಬಿಸ್ಕತ್ತು ಕೊಡುವ ಮುನ್ನ ಆ ಸಣ್ಣಕ್ಷರದ ಸಾಲನ್ನು ಓದಿ. ಸೋಯಾ ಒಗ್ಗದವರಂತೂ 322ರ ಪಕ್ಕದಲ್ಲಿ ಏನಿದೆ ಎಂದು ನೋಡಿಯೇ ಕೊಳ್ಳಬೇಕು.