ಅಡುಗೆಯ ಹೊತ್ತಗೆಗಳು

ತಳೇಗಾಂವ ದಾಭಾಡೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಅಡುಗೆಯ ಪುಸ್ತಕಗಳ ಹುಚ್ಚು ಹಿಡಿದದ್ದು ಮರಾಠೀ ನೆರೆಹೊರೆಯವರಿಂದ. ಲಕ್ಷ್ಮೀಬಾಯಿ ಧುರಂಧರರ ‘ಗೃಹಿಣೀಮಿತ್ರ’ 1910ರಷ್ಟು ಹಿಂದೆಯೇ ಅಚ್ಚಾಯಿತು. ಕಮಲಾಬಾಯಿ ಓಗಲೆಯವರ ‘ರುಚಿರಾ’ 1970ರಲ್ಲಿ ಬಂದು ಮನೆಮನೆಯನ್ನು ಹೊಕ್ಕಿತು. ನಿಮ್ಮಲ್ಲೇನುಂಟು ಎಂದು ಅವರು ಕೇಳಿದಾಗ ನಾವು ಹುಡುಕತೊಡಗಿದೆವು. ಹುಡುಕಿದರೆ ಸಾವಿರ ವರುಷದ ಸಂಗ್ರಹವೇ ದೊರೆಯಿತು!

ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ‘ಲೋಕೋಪಕಾರ’ವನ್ನು ಬರೆದನು. (ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಬೇರೆ.) ನೀರಿನ ಸೆಲೆ, ಗಿಡಮರ, ಔಷಧಗಳ ಜೊತೆಗೆ ಅಡುಗೆಯೂ ಅದರಲ್ಲಿದೆ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಕೂಡಿಸುವ ಇಡ್ಡಲಿಗೆ ಅಲ್ಲಿಯದು. ಅಕ್ಕಿ ಇಲ್ಲ! ನೂರು ವರುಷದ ಬಳಿಕ, ಸುಮಾರು 1130ರಲ್ಲಿ, ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ ಅದು ಬರಿಯ ಉದ್ದಿನದೇ, ತುಪ್ಪದಲ್ಲಿ ಕರಿದದ್ದು.

ನಮಗೆ ಅತ್ಯಂತ ಪ್ರಿಯವಾದುದು ಮಂಗರಸನ ‘ಸೂಪಶಾಸ್ತ್ರ’. ಕಲ್ಲಹಳ್ಳಿಯ ಪ್ರಭುವಾಗಿದ್ದ ಈ ಜೈನ ಕವಿ ‘ಸಮ್ಯಕ್ತ್ವ ಕೌಮುದಿ’ಯನ್ನು ಮುಗಿಸಿದ್ದು 1508ರಲ್ಲಿ, ಸೂಪಶಾಸ್ತ್ರವೂ ಹೆಚ್ಚುಕಡಿಮೆ ಆ ಕಾಲದ್ದು. ಪಾಕವಿಧಿಯನ್ನು ವಾರ್ಧಕ ಷಟ್ಪದಿಯಲ್ಲಿ ಹಾಡುವುದೆಂದರೆ ಸಾಮಾನ್ಯವೇ? ಎಲ್ಲವೂ ಸಸ್ಯಾಹಾರ. ಮಂಡಿಗೆಯೂ ಅಲ್ಲಿದೆ, ಪಾನಕವೂ ಇದೆ. ಬದನೆಕಾಯಿಯ ಮೇಲಂತೂ ಕವಿಗೆ ವಿಶೇಷ ಮಮತೆ. ಮಂಡಿಗೆಯನ್ನು ನಮ್ಮ ನೆರೆಯವರು ಮಾಂಡೆ ಎನ್ನುತ್ತಾರೆ. ಹೆಸರು ಗಡಿ ದಾಟಿದೆಯೋ, ಗಡಿಯೇ ಆಮೇಲೆ ಬಂದಿತೋ! ಒಣಮೆಣಸಿನಕಾಯಿ ಮಾತ್ರ ಎಲ್ಲಿಯೂ ಇಲ್ಲ. ಅಮೇರಿಕದ ಆ ಬೆಳೆಯನ್ನು ನಮ್ಮ ಕರಾವಳಿಗೆ ತಂದವರು ಪೋರ್ತುಗೀಜರು; ಅವರು ಗೋವೆಯನ್ನು ಗೆದ್ದದ್ದೇ 1510ರಲ್ಲಿ. ಮಂಗರಸನ ಖಾರವೆಲ್ಲ ಕರಿಮೆಣಸಿನದು. ಬ್ಯಾಡಗಿಯನ್ನು ಬಿಟ್ಟು ಊಟ ಮಾಡಲಾರದ ನಮಗೆ ಇದನ್ನು ನಂಬುವುದೇ ಕಷ್ಟವಾಯಿತು.

ಆದರೆ ನಮ್ಮ ಚಿಂತೆ ಅಚ್ಚಾದ ಹೊತ್ತಗೆಗಳದ್ದಲ್ಲ. ತಾಯಂದಿರು ಕೈಯಾರೆ ಬರೆದಿಟ್ಟ ವಹಿಗಳಿವೆ. ಎಣ್ಣೆಯ ಕಲೆ, ಅರಿಸಿನದ ಬೆರಳಚ್ಚು. ಹಾಳೆ ಉದುರುತ್ತಿದೆ. ಇಲ್ಲಿಯೇ ಶಾಲೆ ಕಲಿತ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲಾರರು. ನಮ್ಮಲ್ಲೊಬ್ಬರ ಮನೆಯ ವಹಿ ಹಳೆಯ ಪತ್ರಿಕೆಗಳೊಡನೆ ರದ್ದಿಗೆ ಹೋಯಿತು. ಆ ಮನೆಯ ಹುಳಿಪುಡಿಯ ಅಳತೆ ಈಗ ಯಾರಿಗೂ ತಿಳಿಯದು.

ಅಂದಿನಿಂದ ಭಾನುವಾರ ಮಧ್ಯಾಹ್ನ ಕೆಲವರು ಕೂಡುತ್ತೇವೆ. ಹಿರಿಯರು ಓದುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಕೆಲವರು ದೇವನಾಗರಿಯಲ್ಲಿ, ಇಬ್ಬರು ಮಾತ್ರ ಹಟ ಹಿಡಿದು ಕನ್ನಡದಲ್ಲಿ. ಮೊನ್ನೆ, “ಅಜ್ಜೀ, ಸೋಲಿಗೆ ಅಂದ್ರ ಎಷ್ಟು?” ಎಂದು ಹುಡುಗಿಯೊಬ್ಬಳು ಕೇಳಿದಳು. ಅಜ್ಜಿ ಉತ್ತರ ಹೇಳಲಿಲ್ಲ. ಒಳಗೆ ಹೋಗಿ, ಧಾರವಾಡದ ತವರಿನಿಂದ ತಂದಿದ್ದ ಹಿತ್ತಾಳೆಯ ಸೋಲಿಗೆಯನ್ನೇ ತಂದು, ಅಕ್ಕಿ ತುಂಬಿ ಅವಳ ಮುಂದಿಟ್ಟರು. ಅದನ್ನು ತೂಗಿ ಗ್ರಾಮಿನಲ್ಲಿ ಬರೆಯುವ ಕೆಲಸ ಮುಂದಿನ ಭಾನುವಾರಕ್ಕೆ ಉಳಿದಿದೆ.