ನಾಲ್ಕು ಕಂಬಸಾಲುಗಳ ಸಂಗೀತಶಾಲೆ

1986ರ ಅಕ್ಟೋಬರ್ ತಿಂಗಳಲ್ಲಿ ಜರ್ಮನಿಯ ಕಂಪ್ಯೂಟರ್ ಮಾಸಪತ್ರಿಕೆಯೊಂದು ತನ್ನ ಓದುಗರಿಗೆ ಸಂಗೀತ ಸಂಯೋಜಿಸುವ ಸಾಫ್ಟ್‌ವೇರ್ ಒಂದನ್ನು ಅಚ್ಚು ಹಾಕಿ ಕೊಟ್ಟಿತು. ಪುಟಗಟ್ಟಲೆ ಅಂಕಿ, ಅಕ್ಷರಗಳ ಸಾಲುಗಳು. ಬೇಕಾದವರು ಪತ್ರಿಕೆಯನ್ನು ಪಕ್ಕಕ್ಕಿಟ್ಟುಕೊಂಡು ತಮ್ಮ ಕಮೊಡೋರ್ 64 ಕಂಪ್ಯೂಟರಿಗೆ ತಾವೇ ಟೈಪ್ ಮಾಡಿಕೊಳ್ಳಬೇಕಿತ್ತು. ‘ಸೌಂಡ್‌ಮಾನಿಟರ್’ ಎಂಬ ಆ ಪ್ರೋಗ್ರಾಮನ್ನು ಬರೆದವನಿಗೆ ಆಗ 18 ವರ್ಷ. ಹೆಸರು ಕ್ರಿಸ್ ಹ್ಯೂಲ್ಸ್‌ಬೆಕ್. ಮುಂದೆ ‘ಟರಿಕನ್’ ಗೇಮ್‌ಗಳ ಸಂಗೀತದಿಂದ ಯುರೋಪಿನ ಆಟಗಾರರ ನಡುವೆ ಮನೆಮಾತಾದವನು ಇವನೇ.

ಗೇಮ್ ಸಂಗೀತದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಜಪಾನಿನ ದೊಡ್ಡ ಕಂಪನಿಗಳಿಂದ, ಮಾರಿಯೊನಿಂದ ಶುರುಮಾಡುತ್ತಾರೆ. ಕೈಯಲ್ಲಿ ಕಾಸಿಲ್ಲದವರ ಚರಿತ್ರೆ ಹೇಳಬೇಕೆಂದರೆ ಈ ಅಚ್ಚಾದ ಪುಟಗಳಿಂದಲೇ ಹೊರಡಬೇಕು ಎಂದು ನನಗನ್ನಿಸುತ್ತದೆ.

ಅದಕ್ಕೂ ಮುಂಚೆ ಹೇಗಿತ್ತು? ಕಮೊಡೋರ್ 64 ಬಂದದ್ದು 1982ರಲ್ಲಿ. ಅದರೊಳಗೆ ಬಾಬ್ ಯಾನೆಸ್ ರೂಪಿಸಿದ ‘ಸಿಡ್’ ಎಂಬ ಧ್ವನಿ ಚಿಪ್ ಇತ್ತು. ಒಂದು ಸಲಕ್ಕೆ ಮೂರೇ ದನಿ. ಇಂಗ್ಲೆಂಡಿನ ರಾಬ್ ಹಬರ್ಡ್ 1985ರಲ್ಲಿ ‘ಮಾಂಟಿ ಆನ್ ದಿ ರನ್’ ಗೇಮಿಗೆ ಮಾಡಿದ ಸಂಗೀತವನ್ನು ಕೇಳಿದರೆ ಮೂರು ದನಿಯಲ್ಲಿ ಇಷ್ಟೆಲ್ಲ ಹೇಗೆ ಹಿಡಿಸಿದ ಎಂದು ಬೆರಗಾಗುತ್ತದೆ. ಹಬರ್ಡ್ ಸ್ವರಗಳನ್ನು ನೇರವಾಗಿ ಯಂತ್ರಭಾಷೆಯ ಅಂಕಿಗಳಾಗಿ ಟೈಪ್ ಮಾಡುತ್ತಿದ್ದ. ಅಂದರೆ ಗೇಮಿಗೆ ಸಂಗೀತ ಮಾಡಲು ಸಂಗೀತ ಗೊತ್ತಿದ್ದರೆ ಸಾಲದು, ಪ್ರೋಗ್ರಾಮ್ ಬರೆಯಲೂ ಬರಬೇಕು. ಆ ಬಾಗಿಲನ್ನು ಸ್ವಲ್ಪ ಸರಿಸಿದ್ದು ಹ್ಯೂಲ್ಸ್‌ಬೆಕ್‌ನ ಪುಟಗಳು.

ಪೂರ್ತಿ ತೆರೆದವನು ಇನ್ನೊಬ್ಬ ಜರ್ಮನ್, ಕಾರ್ಸ್ಟನ್ ಒಬಾರ್ಸ್ಕಿ. 1987ರಲ್ಲಿ ಅಮಿಗಾ ಕಂಪ್ಯೂಟರಿಗೆ ಅವನು ಬರೆದ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಗೇಮ್ ಸಂಗೀತಕ್ಕೆಂದೇ ಹುಟ್ಟಿದ್ದು. ‘ಅಮೆಗಾಸ್’ ಎಂಬ, ಇಟ್ಟಿಗೆ ಒಡೆಯುವ ಪುಟ್ಟ ಗೇಮಿಗೆ ಸಂಗೀತ ಮಾಡಿದವನೂ ಅವನೇ. ಅಮಿಗಾದ ಚಿಪ್ ಸಿಡ್‌ನಂತೆ ದನಿಯನ್ನು ತಾನೇ ಹುಟ್ಟಿಸದೆ, ಮುದ್ರಿಸಿಟ್ಟ ದನಿಯ ತುಣುಕುಗಳನ್ನು ನುಡಿಸುತ್ತಿತ್ತು. ಡೋಲಿನ ಒಂದು ಪೆಟ್ಟು, ಗಿಟಾರಿನ ಒಂದು ಮೀಟು ಇದ್ದರೆ ಸಾಕು, ಅದನ್ನೇ ಬೇರೆ ಬೇರೆ ವೇಗದಲ್ಲಿ ಓಡಿಸಿ ಎಲ್ಲ ಸ್ವರಗಳನ್ನೂ ಹೊರಡಿಸಬಹುದು. ಇಂಥ ತುಣುಕಿಗೆ ಸ್ಯಾಂಪಲ್ ಎನ್ನುತ್ತಾರೆ. ಒಬಾರ್ಸ್ಕಿಯ ಪ್ರೋಗ್ರಾಮಿನಲ್ಲಿ ಹೀಗೆ 15 ಸ್ಯಾಂಪಲ್‌ಗಳನ್ನು ಇಟ್ಟುಕೊಳ್ಳಬಹುದಿತ್ತು.

ಪರದೆಯ ಮೇಲೆ ಅದು ಕಾಣುತ್ತಿದ್ದ ರೀತಿ ನನಗೆ ಬಹಳ ಇಷ್ಟ. ನಾಲ್ಕು ಕಂಬಸಾಲು, ಒಂದೊಂದು ದನಿಗೆ ಒಂದೊಂದು. ಮೇಲಿನಿಂದ ಕೆಳಕ್ಕೆ 64 ಅಡ್ಡಸಾಲು. ಕಾಲ ಕೆಳಮುಖವಾಗಿ ಹರಿಯುತ್ತದೆ. ಯಾವ ಸಾಲಿನಲ್ಲಿ ಸ್ವರದ ಹೆಸರಿದೆಯೋ ಅಲ್ಲಿ ಅದು ನುಡಿಯುತ್ತದೆ. ಪಾಶ್ಚಾತ್ಯ ಸಂಗೀತದ ಐದು ಗೆರೆಗಳ ಸ್ವರಲಿಪಿ ಕಲಿತವರಿಗೆ ಇದು ಲೆಕ್ಕದ ಪುಸ್ತಕದಂತೆ ಕಂಡೀತು. ಆದರೆ ಸರಳೆ ವರಸೆ, ಅಲಂಕಾರಗಳನ್ನು ಕನ್ನಡ ಪುಸ್ತಕದಲ್ಲಿ ನೋಡಿಕೊಂಡು ಕಲಿತವರಿಗೆ ಇದು ಅಷ್ಟೇನೂ ಪರಕೀಯವಲ್ಲ. ನಾವೂ ಸ್ವರಗಳನ್ನು ಅಕ್ಷರಗಳಲ್ಲೇ ಬರೆದು ತಾಳದ ಲೆಕ್ಕಕ್ಕೆ ಜೋಡಿಸುತ್ತೇವೆ. ಗಮಕದ ವಿಷಯದಲ್ಲಿ ಮಾತ್ರ ಈ ಹುಡುಗರು ನಮಗಿಂತ ಧೈರ್ಯವಂತರು. ಇದೇ ವಂಶದ ಪ್ರೊಟ್ರ್ಯಾಕರ್‌ನಲ್ಲಿ ಸ್ವರದ ಪಕ್ಕ 3 ಎಂದು ಬರೆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರು, 4 ಎಂದು ಬರೆದರೆ ಕಂಪನ. ಎಷ್ಟು ಜಾರಬೇಕು, ಎಷ್ಟು ನಡುಗಬೇಕು ಎಂಬುದಕ್ಕೂ ಅಂಕಿ! ಗುರುವಿನ ಎದುರು ಕೂತು ವರ್ಷಗಟ್ಟಲೆ ಕಲಿಯುವುದನ್ನು ಹೀಗೆ ಅಂಕಿಯಲ್ಲಿ ಹಿಡಿಯಹೊರಟದ್ದು ನೋಡಿದರೆ ನಗು ಬರುತ್ತದೆ, ಸ್ವಲ್ಪ ಗೌರವವೂ ಮೂಡುತ್ತದೆ.

ಒಬಾರ್ಸ್ಕಿಯ ಸಾಫ್ಟ್‌ವೇರ್ ಅಂಗಡಿಯಲ್ಲಿ ಮಾರಾಟಕ್ಕಿತ್ತು, ಆದರೆ ವ್ಯಾಪಾರವಾಗಿ ಗೆಲ್ಲಲಿಲ್ಲ. ಗೆದ್ದದ್ದು ಅದರ ನಕಲುಗಳು. ಯುರೋಪಿನ ಹುಡುಗರು ಅದನ್ನು ಬಿಚ್ಚಿ ಒಳಗಿನ ಸಂಕೇತಗಳನ್ನು ಓದಿ, ತಮಗೆ ಬೇಕಾದಂತೆ ತಿದ್ದಿ, ಬೇರೆ ಹೆಸರಿನಲ್ಲಿ ಹಂಚಲು ಶುರುಮಾಡಿದರು. ಸ್ವೀಡನ್ನಿನ ಇಬ್ಬರು 1989ರಲ್ಲಿ ‘ನಾಯ್ಸ್‌ಟ್ರ್ಯಾಕರ್’ ತಂದರು. ಆಮೇಲೆ ‘ಪ್ರೊಟ್ರ್ಯಾಕರ್’. ಈ ವಂಶದ ಪ್ರೋಗ್ರಾಮ್‌ಗಳಿಗೆಲ್ಲ ಟ್ರ್ಯಾಕರ್ ಎಂದೇ ಹೆಸರಾಯಿತು. ಒಬಾರ್ಸ್ಕಿಗೆ ಇದರಿಂದ ಸಿಕ್ಕಿದ್ದು ಕೀರ್ತಿ ಮಾತ್ರ, ಅದೂ ತಡವಾಗಿ.

ಇಲ್ಲಿ ನನಗೆ ನನ್ನ ಸೋದರಳಿಯ ನೆನಪಾಗುತ್ತಾನೆ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅವನು ಇಬ್ಬರು ಗೆಳೆಯರೊಂದಿಗೆ ಸಣ್ಣದೊಂದು ಗೇಮ್ ಮಾಡುತ್ತಿದ್ದಾನೆ. ಸಂಗೀತ ಇವನ ಪಾಲಿಗೆ ಬಂದಿದೆ. ಫೋನು ಮಾಡಿ ಕೇಳಿದ: “ಮಾಮಾ, ದೊಡ್ಡ ಸಾಫ್ಟ್‌ವೇರ್ ತಗೋಳಾಕ ರೊಕ್ಕ ಇಲ್ಲ. ಕ್ರ್ಯಾಕ್ ಮಾಡಿದ್ದು ಪುಕ್ಕಟೆ ಸಿಗತದ. ಹಾಕ್ಕೊಳ್ಳಲೇನು?” ನಾನು ನೀತಿಪಾಠ ಹೇಳಲು ಹೋಗಲಿಲ್ಲ. ಟ್ರ್ಯಾಕರ್‌ಗಳ ಕತೆಯನ್ನು ಮೆಚ್ಚಿ ಓದಿದವನು ನಕಲು ಮಾಡುವುದೇ ಮಹಾಪಾಪ ಎಂದು ಹೇಗೆ ಹೇಳಲಿ? ಅದರ ಬದಲು ಇನ್ನೊಂದು ಕತೆ ಹೇಳಿದೆ.

1995ರಲ್ಲಿ ಆಸ್ಟ್ರೇಲಿಯಾದ ಜೆಫ್ರಿ ಲಿಮ್ ಎಂಬವನು ‘ಇಂಪಲ್ಸ್ ಟ್ರ್ಯಾಕರ್’ ಎಂಬ ಪ್ರೋಗ್ರಾಮನ್ನು ಪಿಸಿ ಕಂಪ್ಯೂಟರ್‌ಗಳಿಗೆ ಬರೆದು ಉಚಿತವಾಗಿ ಹಂಚಿದ. ಒಂದೆರಡು ಹೆಚ್ಚಿನ ಸೌಲಭ್ಯಗಳಿಗೆ ಮಾತ್ರ ಸಣ್ಣ ಮೊತ್ತ ಕೇಳಿದ. ಹಾಡನ್ನು ಸ್ಟೀರಿಯೊ ಧ್ವನಿಫೈಲಾಗಿ ಉಳಿಸುವ ತುಣುಕು ಅದರಲ್ಲೊಂದು. ಅದನ್ನೂ ಯಾರೋ ಕದ್ದು ಎಲ್ಲರಿಗೂ ಹಂಚಿಬಿಟ್ಟರು. ಲಿಮ್ ಇನ್ನು ಮುಂದೆ ಬರೆಯುವುದಿಲ್ಲ ಎಂದು ಹೇಳಿ 2.14ನೇ ಆವೃತ್ತಿಗೆ ನಿಲ್ಲಿಸಿದ. ಉಚಿತವಾಗಿ ಕೊಟ್ಟವನ ಕೈಯಿಂದ ಕೇಳಿದ ನಾಲ್ಕು ಕಾಸನ್ನೂ ಕಿತ್ತುಕೊಂಡರೆ ಆಗುವುದು ಇದು. ಒಬಾರ್ಸ್ಕಿಯ ಕತೆಗೂ ಇದಕ್ಕೂ ವ್ಯತ್ಯಾಸವಿದೆ ಎಂದೇ ನಾನು ಭಾವಿಸುತ್ತೇನೆ. ಅಲ್ಲಿ ಬಿಚ್ಚಿದವರು ಏನನ್ನಾದರೂ ಸೇರಿಸಿ ಕಟ್ಟಿದರು. ಇಲ್ಲಿ ಕದ್ದವರು ಏನನ್ನೂ ಸೇರಿಸಲಿಲ್ಲ.

ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಯಾವುದು ತಗೋಳ್ಳಿ?” ಎಂದ.

ಬೆಲೆಯ ಮಾತಿಗೆ ಮುಂಚೆ ಗೇಮಿಗೆ ಏನು ಬೇಕು ಎಂದು ಕೇಳಬೇಕು. ಸಿನಿಮಾ ಸಂಗೀತಕ್ಕೆ ಮೊದಲೂ ಕೊನೆಯೂ ಗೊತ್ತಿರುತ್ತದೆ. ಗೇಮಿನಲ್ಲಿ ಆಡುವವನು ಒಂದೇ ಕೋಣೆಯಲ್ಲಿ ಎರಡು ನಿಮಿಷ ಇರಬಹುದು, ಎರಡು ಗಂಟೆಯೂ ಇರಬಹುದು. ಸಂಗೀತ ಬಾಲವನ್ನು ಬಾಯಿಯಲ್ಲಿ ಹಿಡಿದ ಹಾವಿನಂತೆ ಸುತ್ತುತ್ತಲೇ ಇರಬೇಕು. ಕೂಡುವ ಜಾಗದಲ್ಲಿ ಕ್ಷಣ ಮಾತ್ರ ಮೌನ ಬಂದರೂ ಕಿವಿಗೆ ಹೊಡೆಯುತ್ತದೆ. ಎಂಪಿ3 ಫೈಲಿನ ತುದಿಗಳಲ್ಲಿ ಇಂಥ ಸಣ್ಣ ಮೌನ ಸೇರಿಕೊಳ್ಳುತ್ತದೆ, ಹಾಗಾಗಿ ಗೇಮ್ ಮಾಡುವವರು ಆಗ್ ಎಂಬ ಫೈಲನ್ನು ಬಳಸುತ್ತಾರೆ. ಶತ್ರು ಎದುರಾದಾಗ ಸಂಗೀತ ಬದಲಾಗುವುದೂ ಬೇಕು. ಟ್ರ್ಯಾಕರ್ ಈ ಕೆಲಸಕ್ಕೆಂದೇ ಹುಟ್ಟಿದ್ದು. 2000ದಲ್ಲಿ ಬಂದ ‘ಡ್ಯೂಸ್ ಎಕ್ಸ್’ ಗೇಮಿನ ಸಂಗೀತ ಇನ್ನೂ ಟ್ರ್ಯಾಕರ್ ಫೈಲೇ ಆಗಿತ್ತು. ಒಂದೇ ಫೈಲಿನೊಳಗೆ ಸುಮ್ಮನೆ ಅಲೆಯುವಾಗಿನ ಭಾಗ, ಮಾತುಕತೆಯ ಭಾಗ, ಕಾದಾಟದ ಭಾಗ. ಆಟ ನಡೆದಂತೆ ಸಂಗೀತ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ.

ಹಾಗೆಂದು ಎಲ್ಲರೂ ಹಳೆಯ ಕಂಬಸಾಲುಗಳಿಗೇ ಮರಳಬೇಕೆಂದಿಲ್ಲ. ಜಪಾನಿನ ದೈಸುಕೆ ಅಮಾಯಾ ಐದು ವರ್ಷ ಒಬ್ಬನೇ ಕೂತು ‘ಕೇವ್ ಸ್ಟೋರಿ’ ಮಾಡಿ 2004ರಲ್ಲಿ ಉಚಿತವಾಗಿ ಬಿಟ್ಟಾಗ, ಅದರ ಸಂಗೀತಕ್ಕೆ ಬೇಕಾದ ಸಾಫ್ಟ್‌ವೇರನ್ನೂ ತಾನೇ ಬರೆದಿದ್ದ. ಅಮೆರಿಕದ ಟೋಬಿ ಫಾಕ್ಸ್ 2015ರ ‘ಅಂಡರ್‌ಟೇಲ್’ ಸಂಗೀತ ಮಾಡಿದ್ದು ಎಫ್‌ಎಲ್ ಸ್ಟುಡಿಯೊದಲ್ಲಿ. ಬೆಲ್ಜಿಯಮ್ಮಿನಿಂದ 1997ರಲ್ಲಿ ‘ಫ್ರೂಟಿಲೂಪ್ಸ್’ ಎಂಬ ಹಣ್ಣಿನ ಹೆಸರಿನಲ್ಲಿ ಹೊರಟದ್ದು ಅದು. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ. ಆದರೆ ಕೊಳ್ಳದೆ ಪ್ರಯೋಗಕ್ಕೆ ಬಳಸುವಾಗ ಉಳಿಸಿದ ಕೆಲಸವನ್ನು ಮತ್ತೆ ತೆರೆಯಲು ಬಿಡುವುದಿಲ್ಲ. ವಿನಾಂಪ್ ಬರೆದಿದ್ದ ಜಸ್ಟಿನ್ ಫ್ರಾಂಕೆಲ್‌ನ ‘ರೀಪರ್’ 60 ದಿನ ಯಾವ ಕಟ್ಟೂ ಇಲ್ಲದೆ ಓಡುತ್ತದೆ, ಆಮೇಲೆ ಸಣ್ಣ ಆದಾಯದವರಿಗೆ 60 ಡಾಲರ್, ನಮ್ಮ ಲೆಕ್ಕದಲ್ಲಿ 5,000 ರೂಪಾಯಿಯ ಆಸುಪಾಸು. ಹೊರಗಿನ ವಾದ್ಯ ನುಡಿಸಿ, ಹಾಡಿಸಿ ಮುದ್ರಿಸುವುದಿದ್ದರೆ ನನ್ನ ಮತ ಇದಕ್ಕೇ. ‘ಎಲ್‌ಎಂಎಂಎಸ್’ ಪೂರ್ತಿ ಉಚಿತ, ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ.

ಅಳಿಯನಿಗೆ ನಾನು ಹೇಳಿದ್ದು ಮಾತ್ರ ‘ಓಪನ್‌ಎಂಪಿಟಿ’. 1997ರಲ್ಲಿ ‘ಮಾಡ್‌ಪ್ಲಗ್ ಟ್ರ್ಯಾಕರ್’ ಎಂದು ಶುರುವಾಗಿ 2004ರಲ್ಲಿ ಎಲ್ಲರಿಗೂ ತೆರೆದಿಟ್ಟ ಟ್ರ್ಯಾಕರ್ ಅದು. ಪುಕ್ಕಟೆ ಎಂಬುದು ಎರಡನೆಯ ಕಾರಣ. ಮೊದಲನೆಯ ಕಾರಣ ಆ ಫೈಲುಗಳ ಸ್ವಭಾವ. ಎಂಪಿ3 ಹಾಡನ್ನು ನಾವು ಕೇಳಬಹುದಷ್ಟೆ. ಅದು ಮಾಡಿ ಬಡಿಸಿದ ಅಡುಗೆ. ಟ್ರ್ಯಾಕರ್ ಫೈಲನ್ನು ತೆರೆದರೆ ಅಡುಗೆಮನೆಗೇ ಹೊಕ್ಕಂತೆ. ಪ್ರತಿ ಸ್ವರ, ಪ್ರತಿ ಜಾರು, ಪ್ರತಿ ಸ್ಯಾಂಪಲ್ ಕಣ್ಣೆದುರು ಇರುತ್ತದೆ. ಮೂರು ದನಿಗಳನ್ನು ಒಂದೇ ಕಂಬಸಾಲಿನಲ್ಲಿ ಹೇಗೆ ಅಡಗಿಸಿದ್ದಾನೆ, ಪ್ರತಿಧ್ವನಿಯ ಯಂತ್ರವಿಲ್ಲದೆ ಅದೇ ಸ್ವರವನ್ನು ಮೆಲ್ಲಗೆ ಮತ್ತೊಮ್ಮೆ ಬರೆದು ಪ್ರತಿಧ್ವನಿ ಹೇಗೆ ಹುಟ್ಟಿಸಿದ್ದಾನೆ ಎಂಬುದನ್ನೆಲ್ಲ ಓದಿ ತಿಳಿಯಬಹುದು. ಸಂಗೀತಶಾಲೆಯ ಮುಖ ನೋಡದ ಎಷ್ಟೋ ಹುಡುಗರು ಹೀಗೆ ಒಬ್ಬರ ಫೈಲನ್ನು ಇನ್ನೊಬ್ಬರು ತೆರೆದೇ ಕಲಿತದ್ದು. ಫೀಸು ಕಟ್ಟಲಾಗದವರಿಗೆ ಸಿಕ್ಕ ಶಾಲೆ ಇದು.

ಜೆಫ್ರಿ ಲಿಮ್ 2014ರಲ್ಲಿ, ನಿಲ್ಲಿಸಿದ ಎಷ್ಟೋ ವರ್ಷಗಳ ಮೇಲೆ, ಇಂಪಲ್ಸ್ ಟ್ರ್ಯಾಕರ್‌ನ ಮೂಲ ಸಂಕೇತವನ್ನೇ ಎಲ್ಲರಿಗೂ ಬಿಟ್ಟುಕೊಟ್ಟ. ಅದನ್ನು ಅಳಿಯನಿಗೆ ಹೇಳಿದಾಗ ಅವನು ಆಗಲೇ ಯಾವುದೋ ಹಳೆಯ ಫೈಲನ್ನು ತೆರೆದು ಕೂತಿದ್ದ. “ಮಾಮಾ, ಇಲ್ಲಿ ವಾದ್ಯದ ಹೆಸರು ಬರಿಯೋ ಜಾಗದಾಗ ಪತ್ರ ಬರದಾನ” ಎಂದ. ಹೌದು, ಅದು ಅವರ ರೂಢಿ. ಸ್ಯಾಂಪಲ್‌ಗಳ ಪಟ್ಟಿಯಲ್ಲಿ ಡೋಲು, ಗಿಟಾರು ಎಂದು ಬರೆಯುವ ಬದಲು ಸಾಲು ಸಾಲಾಗಿ ಗೆಳೆಯರಿಗೆ ನಮಸ್ಕಾರ, ಹಾಡು ಮುಗಿಸಿದ ತಾರೀಕು, ತನ್ನ ವಿಳಾಸ. ಅಳಿಯ ಅದನ್ನು ಒಂದೊಂದೇ ಸಾಲಾಗಿ ನನಗೆ ಓದಿ ಹೇಳುತ್ತಿದ್ದ. ಹಿಂದೆ ಆ ನಾಲ್ಕು ಕಂಬಸಾಲುಗಳ ಹಾಡು ಸುತ್ತಿ ಸುತ್ತಿ ಬರುತ್ತಿತ್ತು.